ಏಷ್ಯಾದ ಬೆಳವಣಿಗೆ ಇನ್ನು ಮುಂದೆ ಯಾರ ಬೇಡಿಕೆಯ ಮೇಲೆ ನಿಲ್ಲಬೇಕು?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. ಏಷ್ಯಾದ ಉದಯೋನ್ಮುಖ ದೇಶಗಳೇ ಜಗತ್ತಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಿವೆ ಎಂದು ವರದಿಗಳು ಪ್ರತಿ ವರ್ಷವೂ ಹೇಳುತ್ತವೆ. ಆದರೂ ಅಮೆರಿಕ ಬಡ್ಡಿದರ ಏರಿಸಿದರೆ ಈ ದೇಶಗಳ ಕರೆನ್ಸಿ ಕುಸಿಯುತ್ತದೆ, ಸುಂಕ ಹೇರಿದರೆ ಕಾರ್ಖಾನೆಗಳು ತತ್ತರಿಸುತ್ತವೆ. 1997ರಂಥ ಬಿಕ್ಕಟ್ಟು ಮರುಕಳಿಸಬಹುದೇ? ಭಾರತವೂ ಸೇರಿದಂತೆ ಈ ಸರ್ಕಾರಗಳ ಮುಂದಿರುವ ನಿಜವಾದ ಸವಾಲು ಯಾವುದು? ವಿದ್ಯಾರ್ಥಿಗಳಿಗೆ ಇದನ್ನು ಹೇಗೆ ವಿವರಿಸಲಿ?

ಉತ್ತರ: ತಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಆತಂಕಗಳು ಹೆಣೆದುಕೊಂಡಿವೆ. ಡಾಲರ್ ಹಠಾತ್ತನೆ ಹೊರಗೆ ಹರಿದುಹೋಗಿ ದೇಶವೇ ದಿವಾಳಿಯ ಅಂಚಿಗೆ ಬಂದೀತೆಂಬುದು ಒಂದು ಆತಂಕ. ಇಷ್ಟು ವರ್ಷ ನಡೆದುಬಂದ ದಾರಿಯೇ, ಅಂದರೆ ಶ್ರೀಮಂತ ದೇಶಗಳಿಗೆ ಸರಕು ತಯಾರಿಸಿ ಮಾರಿ ಬೆಳೆಯುವ ದಾರಿಯೇ, ಕಿರಿದಾಗುತ್ತಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಎದುರಿಸಲು ಏಷ್ಯಾದ ದೊಡ್ಡ ದೇಶಗಳು 1997ರ ಬಳಿಕ ನಿಜವಾಗಿಯೂ ಕಷ್ಟಪಟ್ಟು ಕೆಲಸ ಮಾಡಿವೆ. ಎರಡನೆಯದಕ್ಕೆ ಹೆಚ್ಚಿನ ದೇಶಗಳು ಇನ್ನೂ ಸಿದ್ಧವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾರ್ವಜನಿಕ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತಿರುವುದರಿಂದ ಎರಡನೆಯದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಆದರೆ 1997ನ್ನು ಅರ್ಥಮಾಡಿಕೊಳ್ಳದೆ ಇಂದಿನ ಸ್ಥಿತಿ ತಿಳಿಯುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸಬೇಕು.

1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಕರೆನ್ಸಿಯಾದ ಬಾತ್‌ನ ಸ್ಥಿರ ವಿನಿಮಯ ದರವನ್ನು ಕೈಬಿಟ್ಟಿತು. ಅದಕ್ಕೂ ಮೊದಲು ಡಾಲರಿಗೆ ಸುಮಾರು 25 ಬಾತ್ ಎಂಬ ದರ ವರ್ಷಗಟ್ಟಲೆ ಅಲುಗಾಡದೆ ನಿಂತಿತ್ತು. ಹಾಗಾಗಿ ಅಲ್ಲಿನ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ವಿದೇಶದಿಂದ ಕಡಿಮೆ ಬಡ್ಡಿಗೆ, ಕಡಿಮೆ ಅವಧಿಗೆ ಡಾಲರ್ ಸಾಲ ತಂದು, ಅದನ್ನು ಬಾತ್ ಲೆಕ್ಕದಲ್ಲಿ, ದೀರ್ಘಾವಧಿಗೆ, ಬ್ಯಾಂಕಾಕಿನ ಕಟ್ಟಡ ಯೋಜನೆಗಳಂಥ ಕಡೆ ತೊಡಗಿಸಿದ್ದವು. ದರ ಬದಲಾಗದು ಎಂಬ ನಂಬಿಕೆಯೊಂದೇ ಆ ಸಾಲಗಳಿಗೆ ಆಧಾರವಾಗಿತ್ತು. 1998ರ ಜನವರಿಯ ಹೊತ್ತಿಗೆ ಡಾಲರ್ 50 ಬಾತ್ ದಾಟಿದಾಗ, ಆದಾಯ ಬಾತ್‌ನಲ್ಲಿಯೂ ಸಾಲ ಡಾಲರಿನಲ್ಲಿಯೂ ಇದ್ದವರ ಹೊರೆ, ಹೊಸದಾಗಿ ಒಂದು ಪೈಸೆ ಸಾಲ ಮಾಡದೆಯೇ, ಇಮ್ಮಡಿಯಾಯಿತು. ಇಂಡೋನೇಷ್ಯಾದ ಸ್ಥಿತಿ ಇದಕ್ಕಿಂತ ಭೀಕರ. ಅಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ 1998ರ ಮಧ್ಯದಲ್ಲಿ ಒಮ್ಮೆ 16,000ವನ್ನೂ ಮೀರಿತು. ಆ ಒಂದೇ ವರ್ಷದಲ್ಲಿ ದೇಶದ ಜಿಡಿಪಿ ಸುಮಾರು ಶೇ 13ರಷ್ಟು ಕುಗ್ಗಿತು, ಮೂರು ದಶಕ ದಾಟಿದ ಸುಹಾರ್ತೋ ಆಡಳಿತ ಮೇ ತಿಂಗಳಲ್ಲಿ ಕೊನೆಗೊಂಡಿತು. ದಕ್ಷಿಣ ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಿತು, ಅಲ್ಲಿನ ಸಾಮಾನ್ಯ ಜನರು ದೇಶದ ಸಾಲ ತೀರಿಸಲೆಂದು ಮನೆಯ ಚಿನ್ನ ಕೊಟ್ಟರು. ಮಲೇಷ್ಯಾ ಮಾತ್ರ ನಿಧಿಯ ಸಲಹೆಗೆ ವಿರುದ್ಧವಾಗಿ 1998ರ ಸೆಪ್ಟೆಂಬರಿನಲ್ಲಿ ಬಂಡವಾಳದ ಹೊರಹರಿವಿಗೆ ನಿರ್ಬಂಧ ಹಾಕಿ, ರಿಂಗಿಟ್ ಅನ್ನು ಡಾಲರಿಗೆ 3.80ರಲ್ಲಿ ನಿಲ್ಲಿಸಿತು. ಆಗ ತೀವ್ರ ಟೀಕೆಗೆ ಒಳಗಾದ ಆ ಕ್ರಮವನ್ನು ಇಂದು ಅನೇಕ ಅರ್ಥಶಾಸ್ತ್ರಜ್ಞರು ಅಷ್ಟು ಕಠಿಣವಾಗಿ ನೋಡುವುದಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲಿ ಹೇಳಲೇಬೇಕಾದ ಸೂತ್ರವೊಂದಿದೆ. ಯಾವ ದೇಶವೂ ಸ್ಥಿರ ವಿನಿಮಯ ದರ, ಗಡಿ ದಾಟಿ ಮುಕ್ತವಾಗಿ ಓಡಾಡುವ ಬಂಡವಾಳ, ತನ್ನಿಚ್ಛೆಯಂತೆ ಬಡ್ಡಿದರ ನಿರ್ಧರಿಸುವ ಸ್ವಾತಂತ್ರ್ಯ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಲಾರದು. ಎರಡನ್ನು ಆರಿಸಿ ಒಂದನ್ನು ಬಿಟ್ಟುಕೊಡಬೇಕು. 1997ರಲ್ಲಿ ಪೆಟ್ಟು ತಿಂದ ದೇಶಗಳು ಮೂರನ್ನೂ ಹಿಡಿದಿಡಲು ಪ್ರಯತ್ನಿಸಿದ್ದವು. ಆಮೇಲೆ ಅವುಗಳಲ್ಲಿ ಹೆಚ್ಚಿನವು ಸ್ಥಿರ ದರವನ್ನು ಬಿಟ್ಟುಕೊಟ್ಟವು. ಕರೆನ್ಸಿ ದಿನವೂ ಏರಿಳಿಯಲು ಬಿಟ್ಟರೆ ಡಾಲರ್ ಸಾಲ ತರುವವನಿಗೆ ಅಪಾಯದ ಅರಿವು ಮೊದಲ ದಿನದಿಂದಲೇ ಇರುತ್ತದೆ. ಇದರ ಜೊತೆಗೆ ವಿದೇಶಿ ವಿನಿಮಯ ಮೀಸಲನ್ನು ಬೆಳೆಸಿಕೊಂಡವು, ಸರ್ಕಾರಗಳು ಡಾಲರಿನ ಬದಲು ಸ್ವಂತ ಕರೆನ್ಸಿಯಲ್ಲಿ ಸಾಲಪತ್ರ ಮಾರುವ ಮಾರುಕಟ್ಟೆಯನ್ನು ಕಟ್ಟಿದವು. ಆಸಿಯಾನ್ ದೇಶಗಳು ಚೀನಾ, ಜಪಾನ್, ಕೊರಿಯಾಗಳೊಂದಿಗೆ 2000ದಲ್ಲಿ, ಕಷ್ಟಕಾಲದಲ್ಲಿ ಪರಸ್ಪರ ಡಾಲರ್ ಒದಗಿಸುವ ಚಿಯಾಂಗ್ ಮಾಯ್ ಒಪ್ಪಂದ ಮಾಡಿಕೊಂಡವು. ಇಂದು ಅದರ ಗಾತ್ರ 24,000 ಕೋಟಿ ಡಾಲರ್. ಅದರಿಂದ ಹಣ ಪಡೆಯುವ ಪ್ರಸಂಗ ಇದುವರೆಗೆ ಯಾವ ದೇಶಕ್ಕೂ ಬಂದಿಲ್ಲ.

ಭಾರತಕ್ಕೆ ಈ ಪಾಠ ತಡವಾಗಿ ಬಂತು. 2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ ಅವರು ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆ ಕೊಟ್ಟೊಡನೆ, ಹಿಂದಿನ ವರ್ಷ ಚಾಲ್ತಿ ಖಾತೆ ಕೊರತೆ (ಹೊರದೇಶಗಳಿಂದ ಗಳಿಸಿದ್ದಕ್ಕಿಂತ ಅವುಗಳಿಗೆ ಪಾವತಿಸಿದ್ದು ಹೆಚ್ಚಾದ ಮೊತ್ತ) ಜಿಡಿಪಿಯ ಶೇ 4.8ಕ್ಕೆ ಮುಟ್ಟಿದ್ದ ಭಾರತದಿಂದ ಹಣ ಹೊರಗೆ ಹರಿಯತೊಡಗಿತು. ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ ಕೊನೆಗೆ 68 ದಾಟಿತು. ಭಾರತವನ್ನು ಇಂಡೋನೇಷ್ಯಾ, ಬ್ರೆಜಿಲ್, ಟರ್ಕಿ, ದಕ್ಷಿಣ ಆಫ್ರಿಕಾಗಳ ಜೊತೆ ಐದು ದುರ್ಬಲ ದೇಶಗಳ ಸಾಲಿನಲ್ಲಿ ನಿಲ್ಲಿಸಲಾಯಿತು. ಚಿನ್ನದ ಆಮದು ಸುಂಕವನ್ನು ಶೇ 10ಕ್ಕೆ ಏರಿಸಲಾಯಿತು. ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಬಂದ ರಘುರಾಂ ರಾಜನ್ ಅವರು ಅನಿವಾಸಿ ಭಾರತೀಯರ ಡಾಲರ್ ಠೇವಣಿಗೆ ವಿಶೇಷ ವ್ಯವಸ್ಥೆ ಮಾಡಿದ್ದರಿಂದ ಸುಮಾರು 2,600 ಕೋಟಿ ಡಾಲರ್ ಹರಿದುಬಂತು. ಬಿಕ್ಕಟ್ಟು ಶಮನಗೊಂಡಿತು, ಆದರೆ ನಿಜವಾದ ದುರಸ್ತಿ ನಡೆದದ್ದು ನಂತರದ ವರ್ಷಗಳಲ್ಲಿ. 2016ರಲ್ಲಿ ಹಣದುಬ್ಬರವನ್ನು ಶೇ 4ರಲ್ಲಿ, ಎರಡೂ ಬದಿಗೆ ಶೇ 2ರ ಅವಕಾಶದೊಂದಿಗೆ, ಹಿಡಿದಿಡುವ ಜವಾಬ್ದಾರಿಯನ್ನು ಕಾನೂನಿನ ಮೂಲಕ ರಿಸರ್ವ್ ಬ್ಯಾಂಕಿಗೆ ವಹಿಸಲಾಯಿತು. ಮೀಸಲು ನಿಧಿ 2024ರ ಸೆಪ್ಟೆಂಬರಿನಲ್ಲಿ 70,000 ಕೋಟಿ ಡಾಲರ್ ದಾಟಿತು, 2024-25ರಲ್ಲಿ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 1ಕ್ಕಿಂತ ಕೆಳಗಿತ್ತು.

ಈ ಎಲ್ಲ ಸಿದ್ಧತೆಗೂ ನಿಜವಾದ ಪರೀಕ್ಷೆ ಎದುರಾದದ್ದು 2022ರಲ್ಲಿ. ಆ ವರ್ಷದ ಮಾರ್ಚಿನಿಂದ 2023ರ ಜುಲೈವರೆಗಿನ 16 ತಿಂಗಳಲ್ಲಿ ಅಮೆರಿಕ ತನ್ನ ಬಡ್ಡಿದರವನ್ನು ಬಹುತೇಕ ಶೂನ್ಯದಿಂದ ಶೇ 5.25-5.50ರ ಮಟ್ಟಕ್ಕೆ ಏರಿಸಿತು. ಅದೇ ಹೊತ್ತಿಗೆ ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ಪೀಪಾಯಿಗೆ 120 ಡಾಲರ್ ಮೀರಿತ್ತು. 1997ರಲ್ಲಾಗಿದ್ದರೆ ಇಂಥ ಜೋಡಿ ಆಘಾತಕ್ಕೆ ಇಡೀ ಪ್ರದೇಶ ಕುಸಿಯುತ್ತಿತ್ತು. ಈ ಸಲ ಭಾರತ, ಇಂಡೋನೇಷ್ಯಾ, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ, ಯಾವುದೂ ಹಣಕಾಸು ನಿಧಿಯ ನೆರವು ಬೇಡಲಿಲ್ಲ. ಕರೆನ್ಸಿಗಳು ಇಳಿದವು ನಿಜ, ಆದರೆ ಬ್ಯಾಂಕುಗಳು ಮುಳುಗಲಿಲ್ಲ. ಕರೆನ್ಸಿ ಇಳಿಯುವುದಕ್ಕೂ ಆರ್ಥಿಕತೆ ಕುಸಿಯುವುದಕ್ಕೂ ಇರುವ ವ್ಯತ್ಯಾಸವನ್ನು ದಯವಿಟ್ಟು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. 2025ರ ಡಿಸೆಂಬರಿನಲ್ಲಿ ರೂಪಾಯಿ ಡಾಲರಿಗೆ 90 ದಾಟಿದಾಗ ನಮ್ಮ ಟಿ.ವಿ. ವಾಹಿನಿಗಳಲ್ಲಿ ಕಂಡ ಗಾಬರಿ, ಆ ತಿಂಗಳುಗಳಲ್ಲಿ ದೇಶದ ಹಣದುಬ್ಬರ ಬಹಳ ಕೆಳಮಟ್ಟದಲ್ಲಿತ್ತು ಎಂಬುದನ್ನು ಗಮನಿಸಿರಲೇ ಇಲ್ಲ.

ಹಾಗೆಂದು ದರವನ್ನು ಕಾಪಾಡುವುದಕ್ಕೆ ಬೆಲೆಯೇ ಇಲ್ಲವೆಂದು ಭಾವಿಸಬಾರದು. 2024ರ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯ ಇಳಿತವನ್ನು ತಡೆಯಲು ಬಹಳಷ್ಟು ಡಾಲರ್ ಮಾರಿತು. ಡಾಲರ್ ಮಾರಿದಾಗ ಅಷ್ಟೇ ಮೊತ್ತದ ರೂಪಾಯಿ ಬ್ಯಾಂಕುಗಳಿಂದ ಹೊರಗೆ ಹೋಗುತ್ತದೆ. 2025ರ ಜನವರಿಯಲ್ಲಿ ಬ್ಯಾಂಕಿಂಗ್ ವ್ಯವಸ್ಥೆಯ ನಗದು ಕೊರತೆ 3 ಲಕ್ಷ ಕೋಟಿ ರೂಪಾಯಿ ದಾಟಿ, ಬೆಳವಣಿಗೆ ನಿಧಾನಗೊಂಡಿದ್ದ ಹೊತ್ತಿನಲ್ಲೇ ಸಾಲ ದುಬಾರಿಯಾಯಿತು. ಆಮೇಲೆ ಬ್ಯಾಂಕ್ ರೂಪಾಯಿಯನ್ನು ಸ್ವಲ್ಪ ಸಡಿಲ ಬಿಟ್ಟಿತು. ಅದು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಅಂದರೆ ರೆಪೊ ದರ, 2025ರ ಫೆಬ್ರುವರಿಯಿಂದ ಡಿಸೆಂಬರ್ ಒಳಗೆ ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ಆಯ್ಕೆ.

ಮೊದಲ ಆತಂಕಕ್ಕೆ ಸಂಬಂಧಿಸಿ ಇನ್ನೊಂದು ಮಾತು ಉಳಿದಿದೆ. 2022-23ರಲ್ಲಿ ನಿಧಿಯ ನೆರವಿಗೆ ಹೋದ ಶ್ರೀಲಂಕಾ, ಪಾಕಿಸ್ತಾನ, ಬಾಂಗ್ಲಾದೇಶಗಳು ಬೇರೆಯದೇ ಕಾರಣಕ್ಕೆ ದುರ್ಬಲಗೊಂಡಿದ್ದವು. ಶ್ರೀಲಂಕಾದ ಉದಾಹರಣೆ ಸ್ಪಷ್ಟವಾಗಿದೆ. 2019ರ ಕೊನೆಯಲ್ಲಿ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ಮರುವರ್ಷವೇ ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಕುಸಿಯಿತು, ಚಹಾ ತೋಟಗಳು ಸೊರಗಿದವು. ಸರ್ಕಾರದ ಆದಾಯ ಜಿಡಿಪಿಯ ಶೇ 8ರ ಆಸುಪಾಸಿಗೆ ಇಳಿದಿದ್ದ ದೇಶಕ್ಕೆ ಸಾಲ ಕೊಡುವವರು ಯಾರೂ ಉಳಿಯಲಿಲ್ಲ. 2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿರುವುದಾಗಿ ಅದು ಘೋಷಿಸಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಹತ್ತಿರ ಬಂದಿತ್ತು. ಆ ವರ್ಷ ಭಾರತ ನೀಡಿದ ಸುಮಾರು 400 ಕೋಟಿ ಡಾಲರ್ ನೆರವು, ಬಂಕ್‌ಗಳ ಮುಂದೆ ದಿನಗಟ್ಟಲೆ ಸರದಿಯಲ್ಲಿ ನಿಂತಿದ್ದ ಜನರಿಗೆ ಇಂಧನವನ್ನೂ ಔಷಧವನ್ನೂ ಮುಟ್ಟಿಸಿತು. ಇಲ್ಲಿ ಹೊರಗಿನ ಆಘಾತ ನೆಪವಷ್ಟೇ ಆಗಿತ್ತು. ತೆರಿಗೆ ಸಂಗ್ರಹಿಸಲಾಗದ ಸರ್ಕಾರಕ್ಕೆ ಕಷ್ಟಕಾಲದಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ ಎಂಬ ಈ ಅಂಶ ಮುಂದೆ ಇಂಡೋನೇಷ್ಯಾದ ವಿಷಯದಲ್ಲೂ ಬರುತ್ತದೆ.

ಈಗ ಎರಡನೆಯ ಆತಂಕಕ್ಕೆ ಬರೋಣ.

ಜಪಾನ್, ಆಮೇಲೆ ಕೊರಿಯಾ ಮತ್ತು ತೈವಾನ್, ಆಮೇಲೆ ಮಲೇಷ್ಯಾ ಮತ್ತು ಥಾಯ್ಲೆಂಡ್, ಅದರ ನಂತರ ಚೀನಾ, ಈಗ ವಿಯೆಟ್ನಾಂ ಮತ್ತು ಬಾಂಗ್ಲಾದೇಶ ಹೀಗೆ ಒಂದರ ಹಿಂದೆ ಒಂದು ದೇಶ ಹಳ್ಳಿಯ ಯುವಕ ಯುವತಿಯರನ್ನು ಕಾರ್ಖಾನೆಗೆ ತಂದು, ಬಟ್ಟೆ, ಬೂಟು, ಎಲೆಕ್ಟ್ರಾನಿಕ್ ಸಾಮಾನು ತಯಾರಿಸಿ ಅಮೆರಿಕ ಮತ್ತು ಯುರೋಪಿಗೆ ಮಾರಿ ಬಡತನದಿಂದ ಮೇಲೆದ್ದವು. ಒಂದು ದೇಶದಲ್ಲಿ ಕೂಲಿ ಏರಿದಾಗ ಆ ಕೆಲಸ ಅದಕ್ಕಿಂತ ಬಡ ದೇಶಕ್ಕೆ ಸಾಗುತ್ತಿತ್ತು. ಈ ಸರಣಿ ಮುಂದುವರಿಯಲು ಎರಡು ಷರತ್ತುಗಳು ಬೇಕು. ಮುಂದೆ ಹೋದ ದೇಶ ಹಳೆಯ ಕೆಲಸವನ್ನು ಬಿಟ್ಟುಕೊಡಬೇಕು, ಮತ್ತು ಶ್ರೀಮಂತ ದೇಶಗಳ ಮಾರುಕಟ್ಟೆ ತೆರೆದಿರಬೇಕು. ಇಂದು ಎರಡೂ ಷರತ್ತುಗಳು ಒಟ್ಟಿಗೆ ಸಡಿಲಗೊಂಡಿವೆ.

ಚೀನಾದಲ್ಲಿ ಕುಟುಂಬಗಳು ಮಾಡುವ ವೆಚ್ಚ ಜಿಡಿಪಿಯ ಶೇ 40ರ ಆಸುಪಾಸಿನಲ್ಲಷ್ಟೇ ಇದೆ. ಭಾರತದಲ್ಲಿ ಅದು ಶೇ 60ರ ಹತ್ತಿರ. ಉಳಿದ ಜಾಗವನ್ನು ಅಲ್ಲಿ ಬಹುಕಾಲ ತುಂಬಿದ್ದು ಮನೆ, ಕಟ್ಟಡ, ರಸ್ತೆಗಳ ನಿರ್ಮಾಣ. 2020ರಲ್ಲಿ ಸರ್ಕಾರ ಬಿಲ್ಡರ್‌ಗಳ ಸಾಲಕ್ಕೆ ಮಿತಿ ಹಾಕಿತು, 2021ರಲ್ಲಿ ಎವರ್‌ಗ್ರಾಂಡ್ ಎಂಬ ದೈತ್ಯ ಕಂಪನಿ ಸಾಲ ತೀರಿಸಲಾಗದೆ ನಿಂತಿತು, 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶಿಸಿತು. ಮನೆಯ ಬೆಲೆ ಇಳಿದದ್ದರಿಂದ ಜನರು ಇನ್ನಷ್ಟು ಬಿಗಿಹಿಡಿದು ಖರ್ಚು ಮಾಡತೊಡಗಿದರು. ಬ್ಯಾಂಕ್ ಸಾಲ ಕಟ್ಟಡಗಳನ್ನು ಬಿಟ್ಟು ಕಾರ್ಖಾನೆಗಳತ್ತ ಹರಿಯಿತು. ದೇಶದೊಳಗೆ ಕೊಳ್ಳುವವರಿಲ್ಲದೆ ಉಳಿದ ವಿದ್ಯುತ್ ವಾಹನ, ಸೌರಫಲಕ, ಉಕ್ಕು, ಬಟ್ಟೆ ಹೊರದೇಶಗಳಿಗೆ ಹೊರಟವು. ಚೀನಾದ ಸರಕು ವ್ಯಾಪಾರದ ಮಿಗುತಾಯ, ಅಂದರೆ ಆಮದಿಗಿಂತ ರಫ್ತು ಹೆಚ್ಚಾದ ಮೊತ್ತ, 2024ರಲ್ಲಿ 1 ಲಕ್ಷ ಕೋಟಿ ಡಾಲರಿನ ಹತ್ತಿರ ಬಂದು, 2025ರಲ್ಲಿ ಅದನ್ನು ದಾಟಿತು.

ಈ ಅಂಕಿಯ ಹಿಂದೆ ನೆರೆಯ ದೇಶಗಳ ಕಾರ್ಮಿಕರ ಬದುಕಿದೆ. ಮಧ್ಯ ಜಾವಾದ ಸ್ರಿಟೆಕ್ಸ್ ಇಂಡೋನೇಷ್ಯಾದ ಅತಿ ದೊಡ್ಡ ಜವಳಿ ಕಂಪನಿಗಳಲ್ಲಿ ಒಂದಾಗಿತ್ತು. ಸಾಲದ ಹೊರೆ, ಕುಗ್ಗಿದ ಬೇಡಿಕೆ ಮತ್ತು ಅಗ್ಗದ ಆಮದಿನ ನಡುವೆ ಸಿಲುಕಿ ಅದು 2024ರ ಅಕ್ಟೋಬರಿನಲ್ಲಿ ದಿವಾಳಿಯಾಗಿ, 2025ರ ಮಾರ್ಚ್ ಆರಂಭದಲ್ಲಿ ಮುಚ್ಚಿತು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಥಾಯ್ಲೆಂಡಿನಲ್ಲಿ 2024ರ ಒಂದೇ ವರ್ಷದಲ್ಲಿ ವಾಹನ ಉತ್ಪಾದನೆ ಸುಮಾರು ಶೇ 20ರಷ್ಟು ಇಳಿಯಿತು. ಅಲ್ಲಿ ಚೀನಾದ ವಿದ್ಯುತ್ ಕಾರುಗಳ ಪೈಪೋಟಿ ಒಂದು ಕಾರಣವಾದರೆ, ಕೌಟುಂಬಿಕ ಸಾಲ ಜಿಡಿಪಿಯ ಶೇ 90ರ ಮಟ್ಟದಲ್ಲಿದ್ದು ಬ್ಯಾಂಕುಗಳು ಪಿಕಪ್ ವಾಹನಗಳಿಗೆ ಸಾಲ ನಿರಾಕರಿಸತೊಡಗಿದ್ದು ಅಷ್ಟೇ ದೊಡ್ಡ ಕಾರಣ. ಭಾರತದಲ್ಲಿಯೂ 2025ರ ಏಪ್ರಿಲಿನಲ್ಲಿ ಕೆಲವು ಉಕ್ಕಿನ ಉತ್ಪನ್ನಗಳ ಆಮದಿನ ಮೇಲೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಹಾಕಲಾಯಿತು. ತೋರಣಗಲ್ಲಿನಂಥ ಕಡೆಯ ದೊಡ್ಡ ಉಕ್ಕು ಕಾರ್ಖಾನೆಗಳಿಗೆ ಅದರಿಂದ ನೆಮ್ಮದಿ ಸಿಕ್ಕಿದರೆ, ಪೀಣ್ಯದಲ್ಲಿ ಉಕ್ಕನ್ನು ಕೊಂಡು ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗೆ ಅದೇ ಸುಂಕ ಹೊರೆ. ರಕ್ಷಣಾ ಸುಂಕದ ಪ್ರತಿಯೊಂದು ನಿರ್ಧಾರದಲ್ಲೂ ಈ ಇಕ್ಕಟ್ಟು ಇದ್ದೇ ಇರುತ್ತದೆ. ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಲ್ಲಿ ಬಂಡವಾಳದ ಪ್ರತಿ ರೂಪಾಯಿಗೆ ದೊರೆಯುವ ಉದ್ಯೋಗ ಹೆಚ್ಚು. ಹಾಗಾಗಿ ಕಚ್ಚಾ ವಸ್ತುವಿನ ಮೇಲೆ ಸುಂಕ ಹಾಕುವಾಗ ಸರ್ಕಾರಗಳು ಇನ್ನೂ ಹೆಚ್ಚು ಹಿಂಜರಿಯಬೇಕು ಎಂದು ನನಗನ್ನಿಸುತ್ತದೆ.

ಇನ್ನು ಅಮೆರಿಕದ ಮಾರುಕಟ್ಟೆ. 2025ರ ಏಪ್ರಿಲ್ 2ರಂದು ಅಧ್ಯಕ್ಷ ಟ್ರಂಪ್ ಪ್ರಕಟಿಸಿದ ಪಟ್ಟಿಯಲ್ಲಿ ಕಾಂಬೋಡಿಯಕ್ಕೆ ಶೇ 49, ವಿಯೆಟ್ನಾಂಗೆ ಶೇ 46, ಶ್ರೀಲಂಕಾಕ್ಕೆ ಶೇ 44, ಬಾಂಗ್ಲಾದೇಶಕ್ಕೆ ಶೇ 37 ಸುಂಕ ಇತ್ತು. ಮಾತುಕತೆಗಳ ನಂತರ ಆಗಸ್ಟಿನಲ್ಲಿ ಆಗ್ನೇಯ ಏಷ್ಯಾದ ಹೆಚ್ಚಿನ ದೇಶಗಳ ದರ ಶೇ 19 ಅಥವಾ 20ಕ್ಕೆ ಇಳಿಯಿತು. ಭಾರತಕ್ಕೆ ಮಾತ್ರ ರಷ್ಯಾದ ತೈಲ ಖರೀದಿಯ ಕಾರಣ ಕೊಟ್ಟು ಆಗಸ್ಟ್ 27ರಿಂದ ಒಟ್ಟು ಶೇ 50 ಹೇರಲಾಯಿತು. ತಿರುಪ್ಪೂರಿನ ಉಡುಪು, ಸೂರತ್ತಿನ ವಜ್ರ, ಆಂಧ್ರದ ಸೀಗಡಿ ಪೆಟ್ಟು ತಿಂದವು; ಔಷಧ ಮತ್ತು ಸ್ಮಾರ್ಟ್‌ಫೋನ್‌ಗಳಿಗೆ ವಿನಾಯಿತಿ ಉಳಿಯಿತು. ದರಗಳು ಆಮೇಲೂ ಬದಲಾಗುತ್ತಲೇ ಬಂದಿವೆ, ಮುಂದೆಯೂ ಬದಲಾಗಬಹುದು. ಆದರೆ ಕಾರ್ಖಾನೆ ಕಟ್ಟುವವನು ಹತ್ತು ಹದಿನೈದು ವರ್ಷಗಳ ಲೆಕ್ಕ ಹಾಕುತ್ತಾನೆ. ನಾಳೆ ಯಾವ ದರವಿರುತ್ತದೋ ಗೊತ್ತಿಲ್ಲದಿದ್ದರೆ ಅವನು ಹೂಡಿಕೆಯನ್ನು ಮುಂದೂಡುತ್ತಾನೆ. ಈ ಅನಿಶ್ಚಿತತೆಯ ಹಾನಿ ಸುಂಕದ ಹಾನಿಗಿಂತ ದೀರ್ಘಕಾಲದ್ದು.

ವಿಯೆಟ್ನಾಂನ ಸ್ಥಿತಿ ಈ ಎರಡೂ ಬದಲಾವಣೆಗಳ ನಡುವೆ ಸಿಕ್ಕಿಕೊಂಡಿದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಆ ದೇಶ ಅಪರಿಚಿತವಲ್ಲ. 1990ರ ದಶಕದಲ್ಲಿ ಅದು ರೊಬಸ್ಟಾ ಕಾಫಿಯನ್ನು ಅಪಾರವಾಗಿ ವಿಸ್ತರಿಸಿದ್ದೇ 2001ರ ಸುಮಾರಿಗೆ ಜಗತ್ತಿನ ಕಾಫಿ ಬೆಲೆ ನೆಲಕಚ್ಚಲು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಮಾರುಕಟ್ಟೆಗೆ ಬಾಗಿಲು ತೆರೆದ 1986ರ ದೋಯ್ ಮೋಯ್ ಸುಧಾರಣೆಗಳ ಬಳಿಕ ಭತ್ತ, ಕಾಫಿ, ಬೂಟು, ಉಡುಪು, ಫೋನು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಆ ದೇಶ 2024ರಲ್ಲಿ ಶೇ 7ರಷ್ಟು ಬೆಳೆಯಿತು. ಆದರೆ ಅದರ ರಫ್ತಿನ ಸುಮಾರು ಮೂರನೆಯ ಒಂದು ಭಾಗ ಅಮೆರಿಕವೊಂದಕ್ಕೇ ಹೋಗುತ್ತದೆ, ಒಟ್ಟು ರಫ್ತಿನ ಬಹುಪಾಲನ್ನು ಸ್ಯಾಮ್ಸಂಗ್‌ನಂಥ ವಿದೇಶಿ ಕಂಪನಿಗಳು ಮಾಡುತ್ತವೆ, ಮತ್ತು ಬಿಡಿಭಾಗಗಳು ಬಹುಮಟ್ಟಿಗೆ ಚೀನಾದಿಂದ ಬರುತ್ತವೆ. ಅನ್ಯ ದೇಶದ ಸರಕನ್ನು ತನ್ನದೆಂದು ತೋರಿಸಿ ಕಳುಹಿಸಿದರೆ ಶೇ 40 ಸುಂಕ ಎಂದು ಅಮೆರಿಕ 2025ರಲ್ಲಿ ಎಚ್ಚರಿಸಿದ್ದು ಈ ಜೋಡಣೆಯನ್ನೇ ಗುರಿಯಾಗಿಸಿಕೊಂಡಿತ್ತು. ದೇಶದೊಳಗಿನ ಸಣ್ಣ ಕಂಪನಿಗಳು ಬಿಡಿಭಾಗ ತಯಾರಿಸುವ ಮಟ್ಟಕ್ಕೆ ಬೆಳೆಯದೆ ವಿಯೆಟ್ನಾಂಗೆ ಇದರಿಂದ ಬಿಡುಗಡೆಯಿಲ್ಲ. ದೇವನಹಳ್ಳಿಯ ಬಳಿ ಐಫೋನ್ ಜೋಡಣೆ ಆರಂಭವಾಗಿರುವ ಕರ್ನಾಟಕವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಆ ಕಾರ್ಖಾನೆಗೆ ಬೇಕಾದ ಸ್ಕ್ರೂ, ಅಚ್ಚು, ಕೇಬಲ್, ಪೆಟ್ಟಿಗೆಗಳಲ್ಲಿ ಎಷ್ಟು ಇಲ್ಲಿಯೇ ತಯಾರಾಗುತ್ತಿವೆ?

ಹೀಗೆ ರಫ್ತಿನ ದಾರಿ ಕಿರಿದಾದಾಗ ಉಳಿಯುವ ಆಧಾರ ದೇಶದೊಳಗಿನ ಬೇಡಿಕೆ. ಅದಕ್ಕೆ ಜನರ ಕೈಯಲ್ಲಿ ಖರ್ಚು ಮಾಡಲು ಹಣವಿರಬೇಕು, ಆ ಹಣ ದುಡಿಮೆಯಿಂದ ಬರಬೇಕು. ಸಾಲದಿಂದ ತಂದ ಬೇಡಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಕಣ್ಣೆದುರಿಗಿದೆ.

ಭಾರತದ ದೌರ್ಬಲ್ಯ ಇಲ್ಲಿಯೇ ಇದೆ. 2023-24ರ ಕಾರ್ಮಿಕ ಪಡೆ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ರಾಷ್ಟ್ರೀಯ ಆದಾಯದಲ್ಲಿ ಕೃಷಿಯ ಪಾಲು ಅದರ ಅರ್ಧವೂ ಇಲ್ಲ. ತಯಾರಿಕಾ ವಲಯವನ್ನು ಜಿಡಿಪಿಯ ಶೇ 25ಕ್ಕೆ ಒಯ್ಯಬೇಕೆಂದು 2014ರಲ್ಲಿ ಹಾಕಿಕೊಂಡ ಗುರಿಯತ್ತ ನಾವು ಚಲಿಸಲೇ ಇಲ್ಲ, ಅದು ಶೇ 17ರ ಆಸುಪಾಸಿನಲ್ಲೇ ಉಳಿದಿದೆ. ಮಹಿಳೆಯರ ದುಡಿಮೆಯ ಪ್ರಮಾಣ 2017-18ರಲ್ಲಿ ಶೇ 23 ಇದ್ದದ್ದು 2023-24ರಲ್ಲಿ ಶೇ 41 ದಾಟಿದ್ದು ಸಂತೋಷದ ಸುದ್ದಿಯಂತೆ ಕಾಣುತ್ತದೆ. ಆದರೆ ಆ ಏರಿಕೆಯ ದೊಡ್ಡ ಭಾಗ ಹಳ್ಳಿಗಳಲ್ಲಿ, ಸ್ವಂತ ಜಮೀನಿನಲ್ಲಿ ಅಥವಾ ಮನೆಯ ಕಸುಬಿನಲ್ಲಿ, ಬಹಳಷ್ಟು ಸಂದರ್ಭಗಳಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸ. ಸೇವಾ ರಫ್ತು 2024-25ರಲ್ಲಿ 38,000 ಕೋಟಿ ಡಾಲರ್ ಮೀರಿರುವುದು, ಅದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದಾಗಿರುವುದು ಹೆಮ್ಮೆಯ ವಿಷಯವೇ. ಆದರೆ ಆ ಕಚೇರಿಗಳು ರಾಯಚೂರು, ಯಾದಗಿರಿಯಿಂದ ಗುಳೆ ಬರುವ ಕುಟುಂಬಕ್ಕೆ ಕಟ್ಟಡದ ಕೂಲಿ ಕೆಲಸವನ್ನಲ್ಲದೆ ಬೇರೆ ಉದ್ಯೋಗ ಕೊಡಲಾರವು.

ಪರಿಹಾರಗಳು ಬಹಳ ಕಾಲದಿಂದ ಗೊತ್ತಿರುವಂಥವೇ. ಸಿದ್ಧ ಉಡುಪು, ಪಾದರಕ್ಷೆ, ಆಹಾರ ಸಂಸ್ಕರಣೆಯಂಥ ಹೆಚ್ಚು ಕೈಗಳಿಗೆ ಕೆಲಸ ಕೊಡುವ ಉದ್ಯಮಗಳಿಗೆ, ಬಂಡವಾಳವೇ ಪ್ರಧಾನವಾದ ಉದ್ಯಮಗಳಿಗೆ ಸಿಗುವಷ್ಟು ಪ್ರೋತ್ಸಾಹ ನಮ್ಮಲ್ಲಿ ಸಿಕ್ಕಿಲ್ಲ. ಕಾರ್ಖಾನೆಯ ಪಕ್ಕದಲ್ಲೇ ಸುರಕ್ಷಿತ ಬಾಡಿಗೆ ವಸತಿ, ರಾತ್ರಿ ಪಾಳಿಗೆ ಬಸ್ಸು, ಕೂಸುಗಳಿಗೆ ಶಿಶುಪಾಲನಾ ಕೇಂದ್ರ ಇದ್ದರೆ ಎಷ್ಟು ಮಂದಿ ಹೆಣ್ಣುಮಕ್ಕಳು ಸಂಬಳದ ಕೆಲಸಕ್ಕೆ ಬರಬಲ್ಲರೆಂಬುದನ್ನು ಬೆಂಗಳೂರು, ರಾಮನಗರದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರನ್ನು ಕೇಳಿದರೆ ತಿಳಿಯುತ್ತದೆ. ವಿತ್ತ ಸಚಿವಾಲಯದ ಕಣ್ಣಿಗೆ ಇವು ಚಿಕ್ಕ ವಿಷಯಗಳಂತೆ ಕಾಣಬಹುದು. ನನಗೆ ಇವು ರೆಪೊ ದರದ ಕಾಲು ಅಂಶಕ್ಕಿಂತ ದೊಡ್ಡ ಆರ್ಥಿಕ ನೀತಿಗಳಾಗಿ ಕಾಣುತ್ತವೆ.

ಇಂಡೋನೇಷ್ಯಾದ ಕಷ್ಟ ಬೇರೆ ಬಗೆಯದು. 1997ರ ನೆನಪಿನಲ್ಲಿ ರೂಪುಗೊಂಡ 2003ರ ಕಾನೂನು ಅಲ್ಲಿ ವಿತ್ತೀಯ ಕೊರತೆಯನ್ನು ಜಿಡಿಪಿಯ ಶೇ 3ಕ್ಕೆ ಮಿತಿಗೊಳಿಸಿದೆ. ಈ ಶಿಸ್ತಿನಿಂದಾಗಿಯೇ ಸರ್ಕಾರದ ಸಾಲ ಹದ್ದಿನಲ್ಲಿದೆ, ಸ್ವಂತ ಕರೆನ್ಸಿಯ ಬಾಂಡ್‌ಗಳಲ್ಲಿ ವಿದೇಶಿಯರ ಪಾಲು 2019ರಲ್ಲಿ ಶೇ 40ರ ಹತ್ತಿರವಿದ್ದದ್ದು ಶೇ 15ರ ಆಸುಪಾಸಿಗೆ ಇಳಿದಿರುವುದರಿಂದ ಹೊರಗಿನ ಆಘಾತವೂ ಕಡಿಮೆ. ಆದರೆ ತೆರಿಗೆ ಸಂಗ್ರಹ ಜಿಡಿಪಿಯ ಶೇ 10ರ ಮಟ್ಟದಲ್ಲೇ ನಿಂತಿದೆ. ಮಕ್ಕಳಿಗೆ ಉಚಿತ ಊಟ ಕೊಡುವ ಬೃಹತ್ ಯೋಜನೆ 2025ರ ಜನವರಿಯಲ್ಲಿ ಆರಂಭವಾಯಿತು. ಮಧ್ಯಾಹ್ನದ ಬಿಸಿಯೂಟ ಕಂಡ ನಾವು ಅದನ್ನು ವಿರೋಧಿಸಲಾರೆವು. ಆದರೆ ತೆರಿಗೆ ಹೆಚ್ಚಿಸದೆ ಅದಕ್ಕೆ ಹಣ ಹೊಂದಿಸಲು ಬೇರೆ ವೆಚ್ಚಗಳಿಗೂ ಪ್ರಾಂತಗಳ ಅನುದಾನಕ್ಕೂ ಕತ್ತರಿ ಬಿತ್ತು. ಆಗಸ್ಟಿನಲ್ಲಿ ಸಂಸದರ ವಸತಿ ಭತ್ಯೆಯ ವಿರುದ್ಧ ಭುಗಿಲೆದ್ದ ಪ್ರತಿಭಟನೆಗಳ ಹಿಂದೆ ಕೆಲಸವಿಲ್ಲದ, ಕೂಲಿ ಏರದ ಯುವಜನರ ಸಿಟ್ಟಿತ್ತು. ಸೆಪ್ಟೆಂಬರಿನಲ್ಲಿ, ಶಿಸ್ತಿಗೆ ಹೆಸರಾಗಿದ್ದ ಹಣಕಾಸು ಸಚಿವೆ ಶ್ರೀ ಮುಲ್ಯಾನಿ ಅವರನ್ನು ಬದಲಾಯಿಸಲಾಯಿತು. ಹೊಸ ಸಚಿವರು ಕೇಂದ್ರ ಬ್ಯಾಂಕಿನಲ್ಲಿದ್ದ ಸರ್ಕಾರದ 200 ಲಕ್ಷ ಕೋಟಿ ರುಪಿಯಾ ಹಣವನ್ನು ಸರ್ಕಾರಿ ಬ್ಯಾಂಕುಗಳಿಗೆ ವರ್ಗಾಯಿಸಿದರು. ಸಾಲ ಕೇಳುವವರೇ ಕಡಿಮೆಯಿರುವಾಗ ಬ್ಯಾಂಕಿನಲ್ಲಿ ಹಣ ತುಂಬಿದರೆ ಕಾರ್ಖಾನೆಗಳು ತಾವಾಗಿ ತೆರೆಯುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಗಳಿಸಿದ ವಿಶ್ವಾಸವನ್ನು ಕಳೆದುಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಆ ದೇಶದ ನಾಯಕರು ಮರೆಯಬಾರದೆಂದು ನಾನು ಹಾರೈಸುತ್ತೇನೆ.

ಆಹಾರದ ಬೆಲೆಯ ವಿಷಯವನ್ನೂ ಮುಟ್ಟದೆ ಇರಲಾಗದು, ಏಕೆಂದರೆ ಬಡ ಕುಟುಂಬದ ಕೊಳ್ಳುವ ಶಕ್ತಿಯನ್ನು ಅದು ಎಲ್ಲಕ್ಕಿಂತ ಬೇಗ ತಿಂದುಹಾಕುತ್ತದೆ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ 40ರಷ್ಟು ಪಾಲು ಹೊಂದಿರುವ ಭಾರತ 2023ರ ಜುಲೈನಲ್ಲಿ ಬಾಸ್ಮತಿಯೇತರ ಬೆಳ್ತಿಗೆ ಅಕ್ಕಿಯ ರಫ್ತನ್ನು ನಿಷೇಧಿಸಿತು. ನಮ್ಮ ಗ್ರಾಹಕರ ದೃಷ್ಟಿಯಿಂದ ಅದು ಅರ್ಥವಾಗುವ ಕ್ರಮವಾಗಿದ್ದರೂ, ಅಂತರರಾಷ್ಟ್ರೀಯ ಬೆಲೆ ಏರಿ, ಅಕ್ಕಿ ಆಮದು ಮಾಡಿಕೊಳ್ಳುವ ಫಿಲಿಪ್ಪೀನ್ಸಿನಲ್ಲಿ 2024ರ ಮಾರ್ಚಿನಲ್ಲಿ ಅಕ್ಕಿಯ ಬೆಲೆಯೇರಿಕೆ ಶೇ 24 ದಾಟಿತು. ನಮ್ಮ ರೈತನಿಗೂ ಏರಿದ ಬೆಲೆಯ ಲಾಭ ಸಿಗಲಿಲ್ಲ. ಹೀಗೆ ಪ್ರತಿಯೊಂದು ದೇಶವೂ ತನ್ನ ಬಾಗಿಲನ್ನು ಮುಚ್ಚಿಕೊಂಡರೆ ಮಳೆ ಕೈಕೊಟ್ಟ ವರ್ಷದಲ್ಲಿ ಎಲ್ಲರಿಗೂ ನಷ್ಟ. ಅಮೆರಿಕದ ಮಾರುಕಟ್ಟೆ ಅನಿಶ್ಚಿತವಾಗಿರುವಾಗ ಏಷ್ಯಾದ ದೇಶಗಳು ತಮ್ಮತಮ್ಮಲ್ಲಿ ವ್ಯಾಪಾರ ಹೆಚ್ಚಿಸಿಕೊಳ್ಳುವುದು ಸಹಜ ಮಾರ್ಗ. ಆದರೆ 2022ರಲ್ಲಿ ಜಾರಿಗೆ ಬಂದ ಹದಿನೈದು ದೇಶಗಳ ಪ್ರಾದೇಶಿಕ ವ್ಯಾಪಾರ ಒಪ್ಪಂದದಿಂದ ಭಾರತ 2019ರಲ್ಲೇ ಹೊರಗುಳಿದಿದೆ. ಚೀನಾದ ಮಿಗುತಾಯವನ್ನು ನೋಡಿದರೆ ಆಗಿನ ಭಯ ಆಧಾರರಹಿತವಾಗಿರಲಿಲ್ಲ ಎಂದು ಒಪ್ಪಬೇಕು. ಆದರೂ ಬಿಡಿಭಾಗಗಳ ಸರಪಳಿಯಿಂದ ಹೊರಗೆ ನಿಂತು ಕಾರ್ಖಾನೆಗಳ ದೇಶವಾಗುವುದು ಬಹಳ ಕಷ್ಟ.

ಕಾಲಾವಕಾಶವೂ ಎಲ್ಲರಿಗೂ ಸಮನಾಗಿಲ್ಲ. ಚೀನಾದ ಜನಸಂಖ್ಯೆ 2022ರಿಂದ ಇಳಿಯುತ್ತಿದೆ, ಥಾಯ್ಲೆಂಡ್ ಶ್ರೀಮಂತವಾಗುವ ಮೊದಲೇ ಮುಪ್ಪಾಗುತ್ತಿದೆ, ವಿಯೆಟ್ನಾಂ 2025ರಲ್ಲಿ ಎರಡು ಮಕ್ಕಳ ಮಿತಿಯನ್ನು ತೆಗೆದುಹಾಕಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ ಭಾರತದ ಸರಾಸರಿ ಫಲವಂತಿಕೆ, ಅಂದರೆ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ಸಂಖ್ಯೆ, 2ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ ಅದು 1.7 ಇತ್ತು. ಇಂದು ತಮ್ಮ ತರಗತಿಯಲ್ಲಿ ಕುಳಿತಿರುವವರು ನಿವೃತ್ತರಾಗುವ ಹೊತ್ತಿಗೆ ಅವರನ್ನು ಪೋಷಿಸುವ ದುಡಿಯುವ ಕೈಗಳು ಈಗಿನಷ್ಟು ಇರುವುದಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳ ವಿಷಯ. ಅಂತರರಾಷ್ಟ್ರೀಯ ಹಣಕಾಸು ನಿಧಿ, ಏಷ್ಯನ್ ಅಭಿವೃದ್ಧಿ ಬ್ಯಾಂಕುಗಳ ಮುನ್ನೋಟಗಳು ಉದಯೋನ್ಮುಖ ಏಷ್ಯಾದ ಬೆಳವಣಿಗೆಯನ್ನು ಶೇ 5ರ ಆಸುಪಾಸಿನಲ್ಲಿ ಅಂದಾಜಿಸುತ್ತಿವೆ. ಆ ಸಂಖ್ಯೆ ಶೇ 4.7 ಆದರೂ 5.2 ಆದರೂ ಮೇಲಿನ ಚಿತ್ರ ಬದಲಾಗುವುದಿಲ್ಲವಾದ್ದರಿಂದ ದಶಮಾಂಶಗಳ ಚರ್ಚೆಯಲ್ಲಿ ತರಗತಿಯ ಸಮಯ ಕಳೆಯದಿರುವುದು ಒಳ್ಳೆಯದು. ಒಂದು ದೇಶದ ಅಲ್ಪಾವಧಿ ವಿದೇಶಿ ಸಾಲವನ್ನು ಅದರ ಮೀಸಲು ನಿಧಿಯ ಪಕ್ಕದಲ್ಲಿಟ್ಟು ನೋಡಲು ಅವರಿಗೆ ಹೇಳಿ, ಆಗ 1997ರ ಭಯಕ್ಕೆ ಎಷ್ಟು ಆಧಾರವಿದೆ ಎಂದು ಅವರೇ ನಿರ್ಧರಿಸಬಲ್ಲರು. ಆಮೇಲೆ ಅದೇ ದೇಶದ ತೆರಿಗೆ ಸಂಗ್ರಹದ ಪ್ರಮಾಣವನ್ನೂ, ಬೆಲೆಯೇರಿಕೆ ಕಳೆದ ಮೇಲೆ ಉಳಿಯುವ ಗ್ರಾಮೀಣ ಕೂಲಿಯನ್ನೂ ಹತ್ತು ವರ್ಷಗಳ ಉದ್ದಕ್ಕೆ ಬರೆಸಿ. ಭಾರತದ ಕಾರ್ಮಿಕ ಪಡೆ ಸಮೀಕ್ಷೆಯ ಅಂಕಿಅಂಶಗಳು 2025ರಿಂದ ತಿಂಗಳಿಗೊಮ್ಮೆ ಪ್ರಕಟವಾಗುತ್ತಿವೆ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದರಲ್ಲಿ ತಿಂಗಳ ಸಂಬಳದ ಕೆಲಸದಲ್ಲಿರುವ ಮಹಿಳೆಯರ ಪಾಲು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬ ಒಂದು ಸಾಲನ್ನು ನಾನು ಪ್ರತಿ ಬಾರಿಯೂ ಜಿಡಿಪಿ ಅಂಕಿಗಿಂತ ಮೊದಲು ನೋಡುತ್ತೇನೆ.